ಐವತ್ತು ದಾಟಿದವರನ್ನು ತರಬೇತಿಗೆ ಯಾಕೆ ಕರೆಯುವುದಿಲ್ಲ?

ಮಾನ್ಯ ಸಂಪಾದಕರೇ,

ಆಫೀಸಿಗೆ ಹೊಸ ಸಾಫ್ಟ್‌ವೇರ್ ಬಂತು ಅಂದ್ರೆ ತರಬೇತಿಯ ಪಟ್ಟಿಯಲ್ಲಿ ಐವತ್ತು ದಾಟಿದವರ ಹೆಸರು ಇರುವುದೇ ಕಡಿಮೆ. ಕೇಳಿದರೆ, ‘ಇನ್ನೆಷ್ಟು ವರ್ಷ ಸರ್ವಿಸ್ ಇದೆ ಸರ್, ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀರಾ’ ಅಂತ ನಯವಾಗಿ ಸಾಗಹಾಕುತ್ತಾರೆ. ಆರು ತಿಂಗಳಾದ ಮೇಲೆ ಅದೇ ಜನ ‘ಹಳಬರಿಗೆ ಹೊಸದು ತಲೆಗೆ ಹತ್ತಲ್ಲ’ ಅಂತ ಶುರು ಮಾಡುತ್ತಾರೆ. ಕಲಿಸದೇ ಇದ್ದದ್ದು ಯಾರು ಹಾಗಾದರೆ?

ಈ ಸರ್ವಿಸ್ ಲೆಕ್ಕವೇ ಸರಿಯಿಲ್ಲ. ನಿವೃತ್ತಿಗೆ ಐದು ವರ್ಷ ಇರುವವರು ಸಾಮಾನ್ಯವಾಗಿ ಆ ಐದೂ ವರ್ಷ ಅಲ್ಲೇ ಇರುತ್ತಾರೆ. ಇಪ್ಪತ್ತೈದರ ಹುಡುಗ ಕಲಿತ ಮರುವರ್ಷವೇ ಬೇರೆ ಕಂಪನಿ ಸೇರಬಹುದು (ಸೇರಲಿ, ತಪ್ಪೇನಿಲ್ಲ). ಐದು ವರ್ಷದಲ್ಲಿ ಆ ಸಾಫ್ಟ್‌ವೇರೇ ಬದಲಾಗಿರುತ್ತದೆ, ಅದು ಬೇರೆ ಮಾತು.

ವಯಸ್ಸಾದಂತೆ ಕಲಿಯುವ ವೇಗ ಸ್ವಲ್ಪ ತಗ್ಗುತ್ತದೆ, ನಿಜ. ಅದನ್ನೇನೂ ಮುಚ್ಚಿಡಬೇಕಿಲ್ಲ. ಆದರೆ ಅಸಲಿ ತೊಂದರೆ ಇರುವುದು ಕಲಿಸುವ ರೀತಿಯಲ್ಲಿ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ದಿನ ಎಲ್ಲ ತುರುಕುವುದು, ಪರದೆ ಮೇಲೆ ಇರುವೆ ಸಾಲಿನಂಥ ಅಕ್ಷರ, ನಾವು ಮೆನು ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಕಲಿಸುವವರು ಮೂರು ಸ್ಕ್ರೀನ್ ದಾಟಿರುತ್ತಾರೆ. ಕೈ ಎತ್ತಿದರೆ ಹತ್ತಿರ ಬಂದು ‘ಬಿಡಿ ಸರ್, ನಾನೇ ಮಾಡಿಕೊಡ್ತೀನಿ’ ಅಂತ ಮೌಸ್ ಇಸ್ಕೊಂಡು ಟಕಟಕ ಒತ್ತಿ ಹೋಗಿಬಿಡುತ್ತಾರೆ. ಕೆಲಸ ಆಯಿತು, ಕಲಿತದ್ದು ಸೊನ್ನೆ. ಒಂದೇ ಸಲ ಉರು ಹೊಡೆಯುವುದಕ್ಕಿಂತ ಬಿಡುವು ಕೊಟ್ಟು ಕೊಟ್ಟು ಕಲಿತರೆ ಜಾಸ್ತಿ ನೆನಪಿರುತ್ತದೆ ಅಂತ ಜರ್ಮನಿಯ ಮನಃಶಾಸ್ತ್ರಜ್ಞ ಎಬ್ಬಿಂಗ್‌ಹಾಸ್ 1885ರಲ್ಲೇ ಬರೆದಿಟ್ಟರು. ಇದು ಹುಡುಗರಿಗೂ ಅನ್ವಯಿಸುತ್ತದೆ, ಅಲ್ವಾ?

ಹಿರಿಯರನ್ನು ಕೇಳಿ ಕೆಲಸ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಬಿಎಂಡಬ್ಲ್ಯು ಕಂಪನಿಯೇ ಸಾಕ್ಷಿ. 2007ರಲ್ಲಿ ಅದು ಜರ್ಮನಿಯಲ್ಲಿರುವ ತನ್ನ ಡಿಂಗೋಲ್ಫಿಂಗ್ ಕಾರ್ಖಾನೆಯ ಒಂದು ಉತ್ಪಾದನಾ ಲೈನಿಗೆ ಸರಾಸರಿ ವಯಸ್ಸು 47 ಆಗುವಂತೆ ಕೆಲಸಗಾರರನ್ನು ಹಾಕಿತು. ಅವರನ್ನೇ ಕೇಳಿಕೊಂಡು ಮರದ ನೆಲ, ಭೂತಗನ್ನಡಿ, ಕೂತು ಕೆಲಸ ಮಾಡಲು ಕುರ್ಚಿ, ಹೀಗೆ 70 ಸಣ್ಣಪುಟ್ಟ ಬದಲಾವಣೆ ಮಾಡಿತು. ಒಂದು ವರ್ಷದಲ್ಲಿ ಉತ್ಪಾದಕತೆ ಶೇ 7ರಷ್ಟು ಏರಿತು. ತರಬೇತಿಯ ವಿಷಯದಲ್ಲೂ ಮೊದಲು ಕಲಿಯುವವರನ್ನೇ ಕೇಳಲಿ.

ವೃತ್ತಿ ತರಬೇತಿಯಲ್ಲಿ ವಯಸ್ಸಿನ ಭೇದ ಬೇಡ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1980ರಲ್ಲೇ ಶಿಫಾರಸು ಮಾಡಿದೆ. ಹಾಗಾಗಿ ನಾವು ಕೇಳುತ್ತಿರುವುದು ಉಪಕಾರ ಅಲ್ಲ. ಕೆಲಸದ ವೇಳೆಯಲ್ಲೇ, ಸಂಬಳದ ಗಂಟೆಯಲ್ಲೇ ಕಲಿಸಿ. ‘ಭಾನುವಾರ ಮನೇಲಿ ವಿಡಿಯೊ ನೋಡ್ಕೊಳ್ಳಿ’ ಅನ್ನುವುದು ತರಬೇತಿ ಅಲ್ಲ.

ಇತಿ,
ಒಬ್ಬ ಹಿರಿಯ ನೌಕರ