ಅಪ್ಪನಿಗೆ, ನಮ್ಮ ಮನೆ ಮಾಡಿನ ವಿಚಾರ

ಸೇಂಟ್ ಪಾಲ್ ಹತ್ತಿರ, ಮಿನ್ನೆಸೋಟ
12 ಅಕ್ಟೋಬರ್ 2025

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು,

ನಾವೆಲ್ಲ ಕ್ಷೇಮ. ಹೋದ ವಾರ ಫೋನಿನಲ್ಲಿ ನೀವು ಕೇಳಿದ್ದು ಒಂದೇ ಪ್ರಶ್ನೆ: "ಮಾಡಿನ ಎರಡು ದಿನದ ಕೆಲಸಕ್ಕೆ ನಾಲ್ಕು ತಿಂಗಳು ಯಾಕಾಯ್ತು?" ನಾನು ಮಳೆ, ಇನ್ಶೂರೆನ್ಸ್ ಅಂತ ಏನೇನೋ ಹೇಳಿ ಮಾತು ತೇಲಿಸಿದೆ. ಇವರು ಪಕ್ಕದಲ್ಲೇ ಕೂತು ನಗ್ತಾ ಇದ್ದರು. ಆ ನಾಲ್ಕರಲ್ಲಿ ಒಂದು ತಿಂಗಳು ಪೂರ್ತಿ ಹಾಳಾಗಿದ್ದು ನನ್ನ ಅವಸರದಿಂದ. ಫೋನಿನಲ್ಲಿ ಹೇಳಿದ್ರೆ ಅರ್ಧಕ್ಕೇ ಬೈಸಿಕೊಳ್ತೀನಿ ಅಂತ ಕಾಗದ ಬರೀತಿದ್ದೀನಿ. ಅಮ್ಮನಿಗೂ ಓದಿ ಹೇಳಿ, ದುಡ್ಡಿನ ಅಂಕಿ ಬಂದ ಕಡೆ ಮಾತ್ರ ಸ್ವಲ್ಪ ಮೆಲ್ಲಗೆ.

ಜೂನ್‌ನಲ್ಲಿ ಒಂದು ಸಂಜೆ ಹತ್ತೇ ನಿಮಿಷ ಆಲಿಕಲ್ಲು ಬಿತ್ತು. ನಿಂಬೆಹಣ್ಣಿನ ಗಾತ್ರ. ಮನೆ ಒಳಗೆ ಕೂತರೆ ಯಾರೋ ಮೇಲಿಂದ ಜಲ್ಲಿ ಸುರಿದ ಹಾಗೆ ಸದ್ದು. ಇಲ್ಲಿ ಮಾಡಿಗೆ ಹೆಂಚಲ್ಲ ಅಪ್ಪ, ಶಿಂಗಲ್. ಫೈಬರ್‌ಗ್ಲಾಸ್ ಹಾಳೆಗೆ ಡಾಂಬರು ಮೆತ್ತಿ, ಮೇಲೆ ಸಣ್ಣ ಕಲ್ಲಿನ ಹರಳು ಅಂಟಿಸಿರ್ತಾರೆ. ಆಲಿಕಲ್ಲು ಬಡಿದ ಕಡೆ ಹರಳು ಉದುರಿ ಡಾಂಬರು ಬರಿದಾಗುತ್ತೆ. ಮಾರನೇ ದಿನ ಸೋರಲ್ಲ. ಬಿಸಿಲು, ಹಿಮ ತಿಂದು ತಿಂದು ಒಂದೆರಡು ವರ್ಷ ಕಳೆದ ಮೇಲೆ ಸೋರುತ್ತೆ. ಬೆಳಿಗ್ಗೆ ಎದ್ದು ನೋಡಿದ್ರೆ ಸೂರಿನ ದಂಬೆಯ ಬಾಯಲ್ಲಿ ಆ ಕರಿ ಹರಳು ಎರಡು ಬೊಗಸೆ ಬಿದ್ದಿತ್ತು.

ಆ ಹರಳು ನೋಡ್ತಾ ನಿಂತಿದ್ದಾಗಲೇ ಮಾಡು ಹೊದಿಸೋ ಕಂಪನಿಯ ಒಬ್ಬ ಹುಡುಗ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟ್ಯಾಬ್ಲೆಟ್, ಹೊರಗೆ ಬೇರೆ ರಾಜ್ಯದ ನಂಬರಿನ ಗಾಡಿ. ಆಲಿಕಲ್ಲು ಬಿದ್ದ ಊರನ್ನೇ ಹುಡುಕಿಕೊಂಡು ಬರೋ ಇಂಥವರಿಗೆ ಇಲ್ಲಿ ಸ್ಟಾರ್ಮ್ ಚೇಸರ್ ಅಂತ ಹೆಸರು. ಅದು ನನಗೆ ಆಮೇಲೆ ಗೊತ್ತಾಗಿದ್ದು. ಏಣಿ ಹಾಕಿ ಹತ್ತಿ, ಪೆಟ್ಟು ಬಿದ್ದ ಕಡೆಗೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿ, ಫೋಟೋ ತೋರಿಸಿದ. ಪೆಟ್ಟು ನಿಜವೇ. "ಮೇಡಂ, ನಿಮ್ಮ ಕೈಯಿಂದ ಒಂದು ಡಾಲರ್ ಹೋಗದ ಹಾಗೆ ನೋಡ್ಕೊಳ್ತೀನಿ" ಅಂದ. ನಮ್ಮ ಪಾಲಿಸಿಯಲ್ಲಿ ಆಲಿಕಲ್ಲಿನ ನಷ್ಟಕ್ಕೆ ಮೊದಲ ಪಾಲು ನಮ್ಮದು, ಮನೆಯ ವಿಮೆ ಮೊತ್ತದ ಒಂದು ಪರ್ಸೆಂಟ್, ಅಂದ್ರೆ 4,200 ಡಾಲರ್. ಇದಕ್ಕೆ ಡಿಡಕ್ಟಿಬಲ್ ಅಂತಾರೆ. ಅದನ್ನ ತಾನೇ "ಅಡ್ಜಸ್ಟ್" ಮಾಡ್ತೀನಿ, ಇನ್ಶೂರೆನ್ಸಿನವರ ಹತ್ತಿರ ನಿಮ್ಮ ಪರವಾಗಿ ಮಾತಾಡೋಕೆ ಒಂದು ಸಹಿ ಸಾಕು ಅಂದ. ಪುಟ್ಟ ಸೊಂಟದ ಮೇಲೆ ಅಳ್ತಾ ಇದ್ದ. ಬೆರಳಲ್ಲೇ ಗೀಚಿ ಕೊಟ್ಟೆ. ನಿಮ್ಮ ಮಗಳು, ಸೊಸೈಟಿ ಸಾಲದ ಕಾಗದವನ್ನೂ ಎರಡು ಸಲ ಓದಿಸಿಕೊಂಡು ಸಹಿ ಹಾಕೋ ಅಪ್ಪನ ಮಗಳು!

ರಾತ್ರಿ ಇವರು ಈಮೇಲ್ ತೆಗೆದು ಓದಿದರು. ಅದು ಮಾತಾಡೋಕೆ ಕೊಟ್ಟ ಅನುಮತಿ ಅಲ್ಲ, ಪೂರಾ ಗುತ್ತಿಗೆ. ಇನ್ಶೂರೆನ್ಸಿನವರು ಎಷ್ಟು ಮಂಜೂರು ಮಾಡ್ತಾರೋ ಅಷ್ಟಕ್ಕೆ ಕೆಲಸ ಅವರದ್ದೇ. ನಾವು ಹಿಂದೆ ಸರಿದ್ರೆ ಶೇಕಡಾ 25 ದಂಡ. ಯಾವ ಶಿಂಗಲ್, ಎಷ್ಟು ದಿನ, ಯಾರು ಹೊದಿಸೋರು ಅನ್ನೋದೆಲ್ಲ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ.

ನಮ್ಮ ಪುಣ್ಯಕ್ಕೆ ಇಲ್ಲಿ ಕೇಂದ್ರ ಸರ್ಕಾರದ ಒಂದು ನಿಯಮ ಇದೆ. ಮನೆ ಬಾಗಿಲಿಗೆ ಬಂದು ಮಾಡಿಕೊಂಡ ವ್ಯಾಪಾರವನ್ನ ಮೂರನೇ ಕೆಲಸದ ದಿನದ ಮಧ್ಯರಾತ್ರಿಯ ಒಳಗೆ ಕಾರಣ ಕೊಡದೆ ರದ್ದು ಮಾಡಬಹುದು. ಶನಿವಾರವೂ ಲೆಕ್ಕಕ್ಕೆ ಸೇರುತ್ತೆ, ಭಾನುವಾರ ಇಲ್ಲ. ಎರಡನೇ ದಿನವೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ರದ್ದುಪತ್ರ ಹಾಕಿದ್ವಿ. ಡಿಡಕ್ಟಿಬಲ್ ನಾವೇ ಕೊಡ್ತೀವಿ ಅಂತ ಕಂಟ್ರಾಕ್ಟರು ಆಸೆ ತೋರಿಸೋದೇ ಮಿನ್ನೆಸೋಟದಲ್ಲಿ ಕಾನೂನಿಗೆ ವಿರುದ್ಧ ಅಂತಲೂ ಆಗಲೇ ಗೊತ್ತಾಗಿದ್ದು. ಆದರೆ ಆ ಹುಡುಗ ಅಷ್ಟರಲ್ಲೇ ನಮ್ಮ ಹೆಸರಲ್ಲಿ ಇನ್ಶೂರೆನ್ಸಿಗೆ ಫೋನ್ ಮಾಡಿಬಿಟ್ಟಿದ್ದ. ಆ ಗಂಟು ಬಿಡಿಸೋಕೆ ಒಂದು ತಿಂಗಳು. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ ಅಪ್ಪ. ಬೈಯೋದಿದ್ರೆ ಇಲ್ಲೇ ಬೈದು ಮುಗಿಸಿ ಮುಂದೆ ಓದಿ.

ಇನ್ಶೂರೆನ್ಸಿನವನು ಬಂದು ಅಳತೆ ಮಾಡಿ ಮಾಡಿಗೆ 18,600 ಡಾಲರ್ ಅಂತ ಬರೆದ. ಹದಿನಾರು ವರ್ಷದ ಹಳೇ ಮಾಡು ಅಂತ ಸವಕಲಿಗೆ 7,400 ಹಿಡಿದ, ನಮ್ಮ ಪಾಲು 4,200 ಕಳೆದ, ಮೊದಲ ಚೆಕ್ 7,000 ಬಂತು. ಹಿಡಿದ ಸವಕಲು ಕೆಲಸ ಮುಗಿದ ಬಿಲ್ ತೋರಿಸಿದ ಮೇಲೆ ಬರುತ್ತೆ.

ಆಮೇಲೆ ನಿಮ್ಮ ಹಾಗೇ ಬೆಲೆ ಕೇಳೋಕೆ ಮೂವರು ಕಂಟ್ರಾಕ್ಟರುಗಳನ್ನ ಕರೆಸಿದೆ. ಮೊದಲಿನವನು ಉಪಗ್ರಹದ ಚಿತ್ರ ನೋಡಿ, ಕಾರಿಂದ ಇಳಿಯದೇ ಬೆಲೆ ಹೇಳಿದ. ಎರಡನೆಯವನು ಡ್ರೋನ್ ಹಾರಿಸಿದ, ಪುಟ್ಟನಿಗೆ ಬಹಳ ಖುಷಿ ಆಯ್ತು. ಮೂರನೆಯವನಿಗೆ ಅರವತ್ತು ದಾಟಿರಬೇಕು, ಮಂಡಿ ನೋವು, ಮೆಟ್ಟಿಲು ಹತ್ತುವಾಗ ಪಕ್ಕದ ಕಂಬಿ ಹಿಡಿದುಕೊಳ್ತಿದ್ದ. ಬಂದವನೇ "ಅಟ್ಟಕ್ಕೆ ದಾರಿ ಎಲ್ಲಿ?" ಅಂತ ಕೇಳಿದ. ಬಟ್ಟೆ ಬೀರು ಇರೋ ಕೋಣೆಯ ಸೀಲಿಂಗಿನಲ್ಲಿ ಒಂದು ಮುಚ್ಚಳ ಇದೆ, ಅದನ್ನ ಎತ್ತಿ ಟಾರ್ಚ್ ಹಿಡಿದು ತೂರಿಕೊಂಡ. ಇಪ್ಪತ್ತು ನಿಮಿಷ ಸದ್ದೇ ಇಲ್ಲ. ಇಳಿದಾಗ ಮೊಣಕೈಗೆಲ್ಲ, ಚಳಿ ತಡೆಯೋಕೆ ಅಟ್ಟದಲ್ಲಿ ಹಾಸಿರೋ ಗಾಜಿನ ಹತ್ತಿಯ ಧೂಳು.

ಫೋಟೋ ತೋರಿಸಿದ. ಮಾಡಿನ ಹಲಗೆಯಿಂದ ಒಳಕ್ಕೆ ಚಾಚಿದ ಮೊಳೆಗಳ ತುದಿ ತುಕ್ಕು ಹಿಡಿದಿತ್ತು, ಒಂದೊಂದರ ಸುತ್ತಲೂ ಕಾಸಿನಗಲ ಕಪ್ಪು ಕಲೆ. ಬಚ್ಚಲಿನ ಹಬೆ ಎಳೆಯೋ ಫ್ಯಾನಿನ ಕೊಳವೆ ಮಾಡು ದಾಟಿ ಹೊರಗೆ ಹೋಗಬೇಕು ತಾನೆ? ನಮ್ಮದು ಅಟ್ಟದಲ್ಲೇ, ಹಾವಿನ ಹಾಗೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಹದಿನಾರು ವರ್ಷದಿಂದ ಈ ಮನೆಯವರ ಸ್ನಾನದ ಹಬೆಯೆಲ್ಲ ಅಲ್ಲಿಗೇ. ಚಳಿಗಾಲದಲ್ಲಿ ಹೊರಗೆ ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗೆ ಇದ್ದಾಗ ಆ ಹಬೆ ಮೊಳೆ ತುದಿಯಲ್ಲಿ ಹಿಮವಾಗಿ ಕೂರುತ್ತೆ, ಬಿಸಿಲು ಬಿದ್ದ ದಿನ ಕರಗಿ ತೊಟ್ಟಿಕ್ಕುತ್ತೆ. "ಆಲಿಕಲ್ಲು ಮೇಲಿಂದ ಹೊಡೀತು. ಇದು ಒಳಗಿಂದ ಕೊಳೆಸ್ತಾ ಇದೆ. ಬರೀ ಮೇಲೆ ಹೊದಿಸಿ ಹೋದ್ರೆ ಹೊಸ ಮಾಡೂ ಹೀಗೇ" ಅಂದ.

ಅವನ ಬೆಲೆ ಎಲ್ಲರಿಗಿಂತ 1,900 ಡಾಲರ್ ಜಾಸ್ತಿ. ಅವನಿಗೇ ಕೊಟ್ಟೆ, ಆ 1,900 ನಮ್ಮ ಕೈಯಿಂದಲೇ. ಈ ಸಲ ನಾಲ್ಕು ಪುಟದ ಕರಾರನ್ನ ಊಟದ ಮೇಜಿನ ಮೇಲೆ ಹರಡಿಕೊಂಡು ಓದಿದೆ. ಹಳೇ ಶಿಂಗಲ್ ಪೂರ್ತಿ ಕಿತ್ತು ತೆಗೀಬೇಕು, ಅದರ ಮೇಲೇ ಹೊದಿಸೋ ಹಾಗಿಲ್ಲ. ಸೂರಿನ ಅಂಚಿಂದ ಶುರುವಾಗಿ ಹೊರಗೋಡೆಯ ಗೆರೆ ದಾಟಿ ಒಳಕ್ಕೆ ಕನಿಷ್ಠ 24 ಇಂಚಿನವರೆಗೆ ಅಂಟು ಹಾಳೆ ಹಾಕಬೇಕು, ಹಿಮ ಕಟ್ಟೆ ಕಟ್ಟಿಕೊಂಡು ನೀರು ಹಿಂದಕ್ಕೆ ನುಗ್ಗಿದ್ರೆ ತಡೆಯೋಕೆ. ಗೋಡೆ, ಮಾಡು ಕೂಡೋ ಕಡೆ ಹಳೇ ತಗಡು ಮತ್ತೆ ಬಳಸೋ ಹಾಗಿಲ್ಲ. ಕೊಳೆತ ಪ್ಲೈವುಡ್ ಸಿಕ್ಕಿದ್ರೆ ಹಾಳೆಗೆ 95 ಡಾಲರ್, ಮೊದಲು ತೋರಿಸಿ ಆಮೇಲೆ ಬದಲಾಯಿಸೋದು. ಪರ್ಮಿಟ್ ಅವನ ಹೆಸರಲ್ಲಿ, ಲೈಸೆನ್ಸ್ ನಂಬರ್ ಮೇಲೇ ಅಚ್ಚಾಗಿತ್ತು, ರಾಜ್ಯದ ಕಾರ್ಮಿಕ ಇಲಾಖೆಯ ಪಟ್ಟಿಯಲ್ಲಿ ಹುಡುಕಿ ತಾಳೆ ನೋಡಿದೆ. "ಲೈಫ್‌ಟೈಮ್ ವಾರಂಟಿ" ಅಂತ ದಪ್ಪಕ್ಷರದಲ್ಲಿ ಇತ್ತು. ಅದು ಶಿಂಗಲ್ ಮಾಡಿದ ಕಂಪನಿಯದ್ದು, ಅದರಲ್ಲೂ ವರ್ಷ ಕಳೆದ ಹಾಗೆ ಪಾಲು ಕಡಿಮೆ ಆಗುತ್ತೆ. ಮೊಳೆ ಸೊಟ್ಟ ಹೊಡೆದು ಸೋರಿದ್ರೆ ಅದಕ್ಕೆ ಸಂಬಂಧವೇ ಇಲ್ಲ. ಕೆಲಸಗಾರಿಕೆಗೆ ಬೇರೆ ವಾರಂಟಿ ಬರೆಸಿಕೊಂಡೆ, ಹತ್ತು ವರ್ಷ. ಮುದುಕ ಹತ್ತು ವರ್ಷ ಇರ್ತಾನಾ ಅಂತ ಇವರು ಕೇಳಿದರು. ಮಗನೂ ಅದೇ ಕೆಲಸದಲ್ಲಿದ್ದಾನಂತೆ.

ಸೆಪ್ಟೆಂಬರ್ ಕೊನೆಗೆ ಕೆಲಸ. ಬೆಳಿಗ್ಗೆ ಆರೂವರೆಗೆ ಏಳು ಜನ ಬಂದಿಳಿದರು. ಆ ಏಳರಲ್ಲಿ ಮುದುಕನ ಕಂಪನಿಯವರು ಒಬ್ಬರೂ ಇಲ್ಲ! ಒಳಗುತ್ತಿಗೆ. ಎಲ್ಲ ಸ್ಪ್ಯಾನಿಷ್ ಮಾತಾಡೋರು, ಮೇಸ್ತ್ರಿ ಈಕ್ವೆಡಾರ್ ದೇಶದವನು. ಮೊದಲು ನನಗೆ ಕಸಿವಿಸಿ ಆಯ್ತು. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸೋಕೆ ತಿಮ್ಮಪ್ಪನನ್ನ ಕರೀತೀರಿ, ಕೂಲಿ ಮಾತಾಡೋದೂ ಅವನ ಹತ್ತಿರ, ಮೇಲೆ ಹತ್ತೋದೂ ಅವನೇ, ಸೋರಿದ್ರೆ ಜುಲೈನಲ್ಲಿ ಬೈಯೋದೂ ಅವನಿಗೇ. ಇಲ್ಲಿ ಮಾತಾಡೋನು ಒಬ್ಬ, ದುಡ್ಡು ಕೊಡೋನು ಇನ್ನೊಬ್ಬ, ನನ್ನ ತಲೆ ಮೇಲೆ ನಡೆಯೋ ಮನುಷ್ಯನ ಹೆಸರು ಯಾವ ಕಾಗದದಲ್ಲೂ ಇಲ್ಲ. ಅಷ್ಟೊಂದು ಕಾಗದ ಯಾಕೆ ಅಂತ ಆವತ್ತು ಅರ್ಥ ಆಯ್ತು.

ರಜೆ ಹಾಕಿ ದಿನವಿಡೀ ಕಾರು ನಿಲ್ಲಿಸೋ ಜಾಗದಲ್ಲಿ ನಿಂತಿದ್ದೆ, ನಿಮ್ಮ ಥರವೇ ಸೊಂಟದ ಮೇಲೆ ಕೈ ಇಟ್ಟುಕೊಂಡು. ಒಂಬತ್ತಕ್ಕೆಲ್ಲ ಹಳೇ ಶಿಂಗಲ್ ಕೆಳಗೆ. ಮೇಸ್ತ್ರಿ ಇಳಿದು ಬಂದು ಕೈ ಸನ್ನೆ ಮಾಡಿ ಕರೆದ. ಬಚ್ಚಲಿನ ಮೇಲಿನ ಹಲಗೆಯ ಒಂದು ತುಂಡು ತಂದಿದ್ದ. ಹೆಬ್ಬೆರಳು ಒತ್ತಿದ, ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಒಳಗೆ ಹೋಯ್ತು. ನಾಲ್ಕು ಬೆರಳು ತೋರಿಸಿ "ಕ್ವಾತ್ರೋ" ಅಂದ. ನಾಲ್ಕು ಹಾಳೆ, 380 ಡಾಲರ್. ಫ್ಯಾನಿನ ಕೊಳವೆಗೆ ಮಾಡಿನ ಮೇಲೆ ಟೊಪ್ಪಿಗೆ ಕೂರಿಸಿದ್ದನ್ನ ಕಣ್ಣಾರೆ ನೋಡಿದೆ. ಸಂಜೆ ಅಯಸ್ಕಾಂತದ ಗಾಲಿ ಎಳೆದು ಹುಲ್ಲಿನಲ್ಲಿ ಬಿದ್ದ ಮೊಳೆ ಆರಿಸಿದರು. ಆದರೂ ನನಗೆ ಹನ್ನೊಂದು ಸಿಕ್ಕಿವೆ.

ಗೋಡೆಯ ಕಥೆ ಚಿಕ್ಕದು. ಇಲ್ಲಿ ಹೊರಗೋಡೆಗೆ ಸೈಡಿಂಗ್ ಅಂತ ಪ್ಲಾಸ್ಟಿಕ್ ಪಟ್ಟಿ ಹೊದಿಸಿರ್ತಾರೆ. ಪಡುವಣ ಗೋಡೆಯದ್ದು ಮಾತ್ರ ಆಲಿಕಲ್ಲಿಗೆ ತೂತಾಗಿತ್ತು. ಆ ಬಣ್ಣ ಈಗ ಯಾರೂ ಮಾಡಲ್ಲ. ಬಣ್ಣ ಹೊಂದದಿದ್ರೆ ಪೂರ್ತಿ ಬದಲಾಯಿಸಿಕೊಡಬೇಕು ಅಂತ ಮಿನ್ನೆಸೋಟ ಸುಪ್ರೀಂ ಕೋರ್ಟ್ 2014ರಲ್ಲಿ ಒಂದು ಮೊಕದ್ದಮೆಯಲ್ಲಿ ಹೇಳಿತ್ತು, ಆ ಪಾಲಿಸಿಯ ಮಾತಿನ ಮೇಲೆ. ನಮ್ಮ ಪಾಲಿಸಿ ತೆಗೆದು ನೋಡಿದ್ರೆ, ಬಣ್ಣ ಹೊಂದದಿದ್ದಕ್ಕೆ ನಾವು ಜವಾಬ್ದಾರರಲ್ಲ ಅಂತ ಒಂದು ಸಾಲು ಸೇರಿಸಿದ್ದಾರೆ. ಹಾಗಾಗಿ ನಮ್ಮ ಮನೆ ಈಗ ಮೂರು ಕಡೆ ಮಾಸಲು, ಒಂದು ಕಡೆ ಮದುವೆಗೆ ಹೊರಟ ಹಾಗೆ. ಪಟ್ಟಿ ಹೊಡೆಯೋವಾಗ ಒಂದು ವಿಷಯ ನೋಡಿ ಆಶ್ಚರ್ಯ ಆಯ್ತು: ಮೊಳೆಯನ್ನ ಬಿಗಿ ಹೊಡೆಯೋ ಹಾಗಿಲ್ಲ. ಸೀಳಿನ ನಡುವೆ ಹೊಡೆದು ಕೂದಲೆಳೆ ಸಡಿಲ ಬಿಡಬೇಕು. ಇಲ್ಲದಿದ್ರೆ ಬೇಸಿಗೆಯಲ್ಲಿ ಪಟ್ಟಿ ಹಿಗ್ಗೋಕೆ ಜಾಗ ಇಲ್ಲದೆ ಅಲೆ ಅಲೆಯಾಗಿ ಉಬ್ಬುತ್ತೆ. ಕೆಲಸದವರು ಹೋದ ಮೇಲೆ ಒಂದೊಂದು ಪಟ್ಟಿಯನ್ನೂ ಕೈಯಲ್ಲಿ ಅತ್ತಿತ್ತ ಸರಿಸಿ ನೋಡಿದೆ.

ಕಿಟಕಿ ಮಾರೋನ ವಿಷಯ ಅಮ್ಮನಿಗೆ ಹೇಳಲೇಬೇಕು. ಎರಡು ಕಿಟಕಿಯ ಜೋಡಿ ಗಾಜಿನ ನಡುವೆ ಮಂಜು ಕಟ್ಟಿಕೊಂಡಿತ್ತು, ಒಂದು ಕಂಪನಿಗೆ ಫೋನ್ ಮಾಡಿದೆ. ಗಂಡ ಹೆಂಡತಿ ಇಬ್ಬರೂ ಇದ್ದಾಗ ಮಾತ್ರ ಬರ್ತೀವಿ ಅಂದರು. ಯಾಕೆ ಅಂತ ಗೊತ್ತಾಯ್ತಲ್ಲ, "ಅವರನ್ನ ಕೇಳಿ ಹೇಳ್ತೀನಿ" ಅನ್ನೋ ನೆಪ ಇರಬಾರದು. ಸಂಜೆ ಆರಕ್ಕೆ ಬಂದವನು ಒಂಬತ್ತೂಕಾಲಿಗೆ ಎದ್ದ. ಪೆಟ್ಟಿಗೆಯಿಂದ ಕಿಟಕಿಯ ತುಂಡು ತೆಗೆದು, ಹಿಂದೆ ಬಿಸಿ ದೀಪ ಹಚ್ಚಿ, ಅವರ ಗಾಜಿನ ಮುಂದೆ ನನ್ನ ಕೈ ಇಡಿಸಿದ. ಇವರ ಕೈಯನ್ನೂ ಇಡಿಸಿದ. ಹನ್ನೆರಡು ಕಿಟಕಿಗೆ 36,000 ಅಂದ. ನಾವು ಸುಮ್ಮನೆ ಕೂತ್ವಿ. 29,000 ಆಯ್ತು. ಹೊರಗೆ ಹೋಗಿ ಮ್ಯಾನೇಜರಿಗೆ ಫೋನ್ ಮಾಡಿ ಬಂದ, 21,500, ಇವತ್ತು ರಾತ್ರಿಗೆ ಮಾತ್ರ! ಮೂರು ಗಂಟೆಯಲ್ಲಿ 14,500 ಇಳಿಯೋ ವಸ್ತುವಿನ ನಿಜವಾದ ಬೆಲೆ ಎಷ್ಟಿರಬೇಕು? ಕೊನೆ ಬಾಣ ಅಂತ, 2025ರ ಡಿಸೆಂಬರ್ 31ರ ಒಳಗೆ ಹಾಕಿಸಿದ್ರೆ ಖರ್ಚಿನ ಮೂವತ್ತು ಪರ್ಸೆಂಟನ್ನ ಸರ್ಕಾರ ತೆರಿಗೆಯಲ್ಲಿ ಬಿಡುತ್ತೆ ಅಂದ. ರಿಯಾಯಿತಿ ಆ ದಿನಕ್ಕೆ ಮುಗಿಯೋದು ನಿಜ, ಮೂವತ್ತು ಪರ್ಸೆಂಟೂ ನಿಜ. ಆದರೆ ಕಿಟಕಿಗೆ ವರ್ಷಕ್ಕೆ 600 ಡಾಲರ್ ಮಿತಿ. ಅದನ್ನ ಅವನು ಹೇಳಲಿಲ್ಲ. ಇವರು ಕೇಳಿದಾಗ "ಅದೂ ಇದೆ" ಅಂದ. ಅಮ್ಮ ಇದ್ದಿದ್ರೆ ಎರಡನೇ ಲೋಟ ಕಾಫಿಗೆ ಮುಂಚೆಯೇ ಅವನನ್ನ ಎಬ್ಬಿಸ್ತಿದ್ದಳು.

ಆಮೇಲೆ ಪೇಟೆಯ ಗಾಜಿನ ಅಂಗಡಿಯವನು ಬಂದು, ಚೌಕಟ್ಟು ಗಟ್ಟಿ ಇದೆ, ಗಾಜಿನ ಜೋಡಿ ಮಾತ್ರ ಬದಲಾಯಿಸಿದ್ರೆ ಸಾಕು ಅಂದ. ಎರಡಕ್ಕೂ ಸೇರಿ 640 ಡಾಲರ್. ಮುಗೀತು.

ಮಾಡಿನ ಕೊನೆಯ ಕಂತು ಮಾತ್ರ ಇನ್ನೂ ಕೊಟ್ಟಿಲ್ಲ. ಇದನ್ನ ನೀವು ನಂಬಲ್ಲ ಅಪ್ಪ: ನಾವು ಕಂಟ್ರಾಕ್ಟರಿಗೆ ಪೂರ್ತಿ ದುಡ್ಡು ಕೊಟ್ಟ ಮೇಲೂ, ಅವನು ಶಿಂಗಲ್ ಅಂಗಡಿಯವನಿಗೋ ಕೆಲಸದವರಿಗೋ ಬಾಕಿ ಇಟ್ಟಿದ್ರೆ ಅವರು ನಮ್ಮ ಮನೆಯ ಮೇಲೇ ಹಕ್ಕು ಹಾಕಬಹುದು. ಇಲ್ಲಿ ಅದಕ್ಕೆ ಕೊನೆ ಕೆಲಸದಿಂದ 120 ದಿನ ಅವಕಾಶ. ಅದಕ್ಕೆ ಅಂಗಡಿಯವನಿಂದಲೂ ಮೇಸ್ತ್ರಿಯಿಂದಲೂ "ನಮಗೆ ಬಾಕಿ ಇಲ್ಲ" ಅಂತ ಬರೆಸಿ ತಾ ಅಂತ ಮುದುಕನಿಗೆ ಹೇಳಿದೆ. ಬೇಜಾರು ಮಾಡಿಕೊಳ್ತಾನೆ ಅಂದುಕೊಂಡಿದ್ದೆ. "ಕೇಳೋರು ಕಡಿಮೆ, ಕೇಳಬೇಕು" ಅಂದ. ಮೇಸ್ತ್ರಿಯ ಕಾಗದ ಬಂದಿದೆ, ಅದರ ಕೆಳಗೆ ಕೊನೆಗೂ ಅವನ ಹೆಸರು ನೋಡಿದೆ. ಅಂಗಡಿಯದ್ದು ಈ ವಾರ ಬರುತ್ತಂತೆ, ಬಂದ ದಿನ ಚೆಕ್ ಕೊಡ್ತೀನಿ.

ಹಿತ್ತಿಲ ಕಡೆ ಸೂರಿನ ರೀಪು ಹುಳ ತಿಂದಿದೆ ಅಂದಿದ್ರಲ್ಲ, ತಿಮ್ಮಪ್ಪ ಬರೋವರೆಗೆ ಕಾಯಿರಿ, ನೀವು ಏಣಿ ಹತ್ತಬೇಡಿ. ಅಮ್ಮನಿಗೆ ಮುಂದಿನ ವಾರ ಬೇರೆ ಬರೀತೀನಿ.

ನಿಮ್ಮ ಮಗಳು

ಮರೆತಿದ್ದೆ: ಈ ಕಾಗದ ಮಡಚೋಕೆ ಮುಂಚೆ ಅಂಗಳಕ್ಕೆ ಹೋಗಿದ್ದೆ, ಇನ್ನೊಂದು ಮೊಳೆ ಸಿಕ್ತು. ಹನ್ನೆರಡು.