ಮಡಕೆಯೊಳಗೆ ಉಳಿದ ನಾಟಕ

ಮಾನ್ಯರೇ,

ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತುಗಳಿವೆ ಎಂಬ ಲೇಖನ ವರ್ಷಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುತ್ತದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಅಚ್ಚಾದ ಆ ಹಾಳೆಯಲ್ಲಿ ಹುಲ್ಟ್ಸ್, ಶಾಮಾಶಾಸ್ತ್ರಿ, ಗೋವಿಂದ ಪೈ ಕನ್ನಡ ಕಂಡದ್ದು ನಿಜ. ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಅದಿರಲಿ.

ನನ್ನನ್ನು ಕಾಡಿದ್ದು ಪ್ರಾಚೀನ ಗ್ರೀಕ್ ನಾಟಕಕಾರ ಮೆನಾಂಡರ್. ನೂರಕ್ಕೂ ಹೆಚ್ಚು ಹಾಸ್ಯನಾಟಕ ಬರೆದವನು. 1905ರಲ್ಲಿ ಈಜಿಪ್ಟಿನ ಕೋಮ್ ಇಶ್ಕಾವ್‌ನಲ್ಲಿ ಆರನೇ ಶತಮಾನದ ವಕೀಲ ಡಯಸ್ಕೋರಸನ ಮಡಕೆಯೊಂದು ಸಿಕ್ಕಿತು. ಒಳಗೆ ದಸ್ತಾವೇಜುಗಳು, ಅವುಗಳ ಮೇಲೆ ಹೊದಿಸಿದ್ದು ಮೆನಾಂಡರನ ನಾಟಕದ ಹಾಳೆಗಳು! ಸಬ್‌ರಿಜಿಸ್ಟ್ರಾರ್ ಕಚೇರಿ ಮುಂದೆ 38 ವರ್ಷ ಕೂತು ಬರೆದವನಿಗೆ ಇದೇನೂ ಆಶ್ಚರ್ಯವಲ್ಲ. ಕ್ರಯಪತ್ರಕ್ಕಿರುವ ಮರ್ಯಾದೆ ನಾಟಕಕ್ಕೆಲ್ಲಿ? ನಾವು ಹುಡುಗರಾಗಿ ಆಡಿದ ನಗೆನಾಟಕದ್ದು ಈಗ ಉಳಿದಿರುವುದು ಎರಡೇ ಹಾಳೆ, ಅಮ್ಮ ಹುಣಸೆಹಣ್ಣಿನ ಡಬ್ಬಿಯ ತಳಕ್ಕೆ ಹಾಸಿದ್ದವು.

ಇನ್ನೊಬ್ಬ ಗ್ರೀಕ್ ಹಾಸ್ಯನಾಟಕಕಾರ ಕ್ರಾಟಿನಸನ ಪಾಡು ಇನ್ನೂ ಕಷ್ಟ. ಕ್ರಿ.ಪೂ. 424ರಲ್ಲಿ ಎದುರಾಳಿ ನಾಟಕಕಾರ ಅರಿಸ್ಟೋಫೇನಿಸ್ ಅವನನ್ನು ಕುಡುಕ ಮುದುಕನೆಂದು ರಂಗದ ಮೇಲೆಯೇ ಹಂಗಿಸಿದ. ಮರುವರ್ಷ ಮುದುಕ ತನ್ನನ್ನೇ ಪಾತ್ರ ಮಾಡಿಕೊಂಡ. ‘ಹಾಸ್ಯ’ವೇ ಅವನ ಹೆಂಡತಿ, ಗಂಡ ಕುಡಿತದ ಹಿಂದೆ ಹೋದನೆಂದು ಅವಳ ದೂರು. ಆ ‘ಹೆಂಡದ ಬುರುಡೆ’ಗೆ ಮೊದಲ ಬಹುಮಾನ, ಅರಿಸ್ಟೋಫೇನಿಸನ ‘ಮೋಡಗಳು’ ಮೂರನೆಯದು. ಸೋತ ನಾಟಕ, ಆಮೇಲೆ ತಿದ್ದಿದ ರೂಪದಲ್ಲಾದರೂ, ಇಂದು ಓದಲು ಸಿಗುತ್ತದೆ. ಗೆದ್ದದ್ದು ಬರೀ ಚೂರು.

ಆ ಚೂರುಗಳನ್ನು ಗ್ರೀಕ್ ಬಲ್ಲವರಿಂದ ಕನ್ನಡಕ್ಕೆ ಮಾಡಿಸಿ ಭಾನುವಾರದ ಪುರವಣಿಯಲ್ಲಿ ಹಾಕಿ ಸ್ವಾಮಿ. ಅರ್ಧ ಪುಟ ಸಾಕು.

– ನಿವೃತ್ತ ಪತ್ರ ಬರಹಗಾರ, ತಿಪಟೂರು