ಒಂದು ನರಕೋಶದ ವಿದ್ಯುತ್ತು ಅಳೆಯುವುದು

ಪ್ರೀತಿಯ ತಂಗಿಗೆ ಅಣ್ಣನ ಆಶೀರ್ವಾದಗಳು. ನಾನಿಲ್ಲಿ ಕ್ಷೇಮ. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಒಂದೇ ಒಂದು ನರಕೋಶದ ವಿದ್ಯುತ್ತನ್ನು ಹೇಗೆ ಅಳೆಯುತ್ತಾರೆ ಅಂತ ಕೇಳಿದ್ದೆಯಲ್ಲ, ಆ ವಿಧಾನದ ಹೆಸರು ಪ್ಯಾಚ್ ಕ್ಲ್ಯಾಂಪ್. 1976ರಲ್ಲಿ ಎರ್ವಿನ್ ನೇಹರ್, ಬರ್ಟ್ ಸಕ್ಮನ್ ಇದನ್ನು ಮೊದಲು ತೋರಿಸಿದರು. 1991ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಎಲ್ಲರ ಕಣ್ಣೂ ಕೋಶಕ್ಕೆ ಅಂಟಿಸಿ ವಿದ್ಯುತ್ತು ಅಳೆಯುವ ಗಾಜಿನ ಪಿಪೆಟ್ ಮೇಲೆ, ಅಂದರೆ ತುದಿ ತೀರಾ ಸಣ್ಣದಾದ ಕೊಳವೆಯ ಮೇಲೆ. ಆದರೆ ಕೆಲಸ ಕೆಡುವುದು ಹೆಚ್ಚಾಗಿ ಅದಕ್ಕಿಂತ ಮೊದಲು, ಮೆದುಳನ್ನು ಹೋಳು ಮಾಡುವಾಗಲೇ.

ಇಲಿಯ ಮೆದುಳನ್ನು ಹೊರತೆಗೆದು ಐಸ್‌ನಷ್ಟು ತಣ್ಣಗಿನ ಲವಣ ದ್ರಾವಣಕ್ಕೆ ಹಾಕುವುದು ಒಂದೆರಡು ನಿಮಿಷದಲ್ಲಿ ಮುಗಿಯಬೇಕು. ತಣ್ಣಗಿದ್ದರೆ ಕೋಶಕ್ಕೆ ಆಮ್ಲಜನಕ ಕಮ್ಮಿ ಸಾಕು. ದ್ರಾವಣದೊಳಗೆ 95% ಆಮ್ಲಜನಕ, 5% ಕಾರ್ಬನ್ ಡೈಆಕ್ಸೈಡ್ ಸದಾ ಗುಳ್ಳೆಯೇಳುತ್ತಿರಬೇಕು. ಆ 5% ಸುಮ್ಮನೆ ಅಲ್ಲ: ಅದು ನಿಂತರೆ ಪಿಎಚ್ 7.4 ದಾಟಿ ಏರುತ್ತದೆ, ಕ್ಯಾಲ್ಸಿಯಂ ಬೇರ್ಪಟ್ಟು ದ್ರಾವಣ ಮಬ್ಬಾಗುತ್ತದೆ. ಅದಕ್ಕೇ ಮೊದಲು ಗ್ಯಾಸ್ ಬಿಟ್ಟು, ಕ್ಯಾಲ್ಸಿಯಂ ಕೊನೆಗೆ ಹಾಕುವುದು. ಮಬ್ಬಾದದ್ದನ್ನು ಸೋಸಿ ಬಳಸುವವರಿದ್ದಾರೆ, ಚೆಲ್ಲುವುದೇ ಸರಿ.

ವೈಬ್ರಟೋಮ್‌ನಲ್ಲಿ, ಅಂದರೆ ಅದುರುವ ಬ್ಲೇಡಿನಿಂದ ಹೋಳು ಕೊಯ್ಯುವ ಯಂತ್ರದಲ್ಲಿ, ಹೋಳಿನ ದಪ್ಪ 300 ಮೈಕ್ರೊಮೀಟರ್ ಆಸುಪಾಸು ಇಡುತ್ತಾರೆ. ದಪ್ಪವಾದರೆ ನಡುವಿಗೆ ಆಮ್ಲಜನಕ ತಲುಪದು, ತೆಳುವಾದರೆ ಕೋಶದ ಕವಲುಗಳೆಲ್ಲ ತುಂಡಾಗುತ್ತವೆ. ಬ್ಲೇಡು ನಿಧಾನಕ್ಕೆ ಮುಂದೆ ಹೋಗಲಿ. ಅವಸರಪಟ್ಟರೆ ಅದು ಕೊಯ್ಯುವುದಿಲ್ಲ, ಅಂಗಾಂಶವನ್ನು ತಳ್ಳುತ್ತದೆ. ಆಮೇಲೆ ಅರ್ಧ ಗಂಟೆ 32-34 ಡಿಗ್ರಿಯಲ್ಲಿ ಚೇತರಿಕೆ.

ಸೂಕ್ಷ್ಮದರ್ಶಕದಲ್ಲಿ ಅಂಚು ನಯವಾಗಿ, ಮೆತ್ತಗೆ ಕಾಣುವ ಕೋಶ ಆರಿಸಬೇಕು. ಊದಿಕೊಂಡು ನ್ಯೂಕ್ಲಿಯಸ್ ಎದ್ದು ಕಂಡರೆ ಅದರ ಕಥೆ ಮುಗಿದಿದೆ.

ಪಿಪೆಟ್ ತುದಿಯ ರೋಧ 3ರಿಂದ 6 ಮೆಗಾಓಮ್. ತುದಿಗೆ ಕಸ ಅಂಟದಿರಲಿ ಅಂತ ಒಳಗಿನಿಂದ ಸ್ವಲ್ಪ ಒತ್ತಡ ಕೊಟ್ಟುಕೊಂಡೇ ಇಳಿಸುತ್ತಾರೆ. ಕೋಶದ ಮೇಲೆ ಪುಟ್ಟ ಗುಳಿ ಬಿದ್ದ ತಕ್ಷಣ ಒತ್ತಡ ಬಿಟ್ಟು ಹಗುರಾಗಿ ಹೀರಿದರೆ ಪೊರೆ ಗಾಜಿಗೆ ಅಂಟಿ ರೋಧ 1 ಗಿಗಾಓಮ್ ದಾಟುತ್ತದೆ. ದಾಟದಿದ್ದರೆ ಪಿಪೆಟ್ ಬದಲಿಸು. ಒಮ್ಮೆ ಮುಟ್ಟಿದ ತುದಿ ಮತ್ತೆ ಅಂಟುವುದು ಅಪರೂಪ. ಅಂಟಿದ ಮೇಲೆ ಇನ್ನೊಂದು ಚಿಕ್ಕ ಹೀರು, ತುದಿಯ ಕೆಳಗಿನ ಪೊರೆ ಒಡೆದು ಪಿಪೆಟ್ಟಿಗೆ ಕೋಶದ ಒಳಗಿನ ಸಂಪರ್ಕ ಸಿಗುತ್ತದೆ. ಮೆದುಳಿನ ತೊಗಟೆಯ ಆರೋಗ್ಯವಂತ ಕೋಶ ಸುಮಾರು ಮೈನಸ್ 70 ಮಿಲಿವೋಲ್ಟ್ ತೋರಿಸುತ್ತದೆ. ಮೈನಸ್ 45 ಬಂದರೆ ಸೋರಿಕೆ ಇದೆ ಅಂತ ಅರ್ಥ.

ಇಷ್ಟಾದರೂ ಸೀರೀಸ್ ರೋಧದ ಮೇಲೆ, ಅಂದರೆ ಪಿಪೆಟ್ಟಿಗೂ ಕೋಶದ ಒಳಗಿಗೂ ನಡುವಿನ ರೋಧದ ಮೇಲೆ ಕಣ್ಣಿರಲಿ. ಒಡೆದ ಪೊರೆ ಮತ್ತೆ ಮುಚ್ಚಿಕೊಳ್ಳತೊಡಗಿದರೆ ಅದು ಏರುತ್ತದೆ, ಸಂಕೇತ ಚಿಕ್ಕದಾಗಿ ಕಾಣುತ್ತದೆ, ಔಷಧಿಯ ಪರಿಣಾಮ ಅಂತ ಮೋಸಹೋಗುತ್ತಾರೆ. ಈ ರೋಧ 20%ಗಿಂತ ಹೆಚ್ಚು ಬದಲಾದ ದಾಖಲೆಯನ್ನು ಲೆಕ್ಕಕ್ಕೆ ಹಿಡಿಯಬೇಡ.

ಇಂತಿ ನಿನ್ನ ಅಣ್ಣ